ಅಪ್ಪನ ಮುಂದೆ ಹೇಳು ಪುಟ್ಟಾ

ಬೆಂಗಳೂರಿನ ಸುದ್ದಗುಂಟೆಪಾಳ್ಯಕ್ಕೆ ಬಂದ ವಾರದಲ್ಲೇ ಗಂಡ ನನ್ನ ತಲೆಯನ್ನು ಗೋಡೆಗೆ ಚಚ್ಚಿದ. ಕೂಡಲೇ ಕೆಳಗಿನ ಮನೆಯ ಓನರ್ ಆಂಟಿ ಟಿ.ವಿ. ಸೌಂಡು ಜೋರು ಮಾಡಿದರು. ಮರುದಿನ ನೀರಿನ ಮೋಟಾರು ಹಾಕುವಾಗ ಸಿಕ್ಕಿ, "ಜಗಳ ಸ್ವಲ್ಪ ಮೆಲ್ಲಗೆ ಆಡ್ಕೊಳಿ ಅಮ್ಮ, ಮಗನಿಗೆ ಎಕ್ಸಾಮ್ ನಡೀತಿದೆ. ಅಡ್ಜಸ್ಟ್ ಮಾಡ್ಕೊಳಿ" ಅಂದರು. ಈ 'ಅಡ್ಜಸ್ಟ್' ಇಲ್ಲಿನ ದೊಡ್ಡ ಮಂತ್ರ. ಬಸ್ಸಿನ ಸೀಟಿಗೂ ಅದೇ, ಬೆನ್ನಿನ ಬಾಸುಂಡೆಗೂ ಅದೇ.

ನಮ್ಮ ಸಿಂಧನೂರಿನಲ್ಲಾಗಿದ್ದರೆ ಓಣಿಯ ಹೆಂಗಸರೆಲ್ಲ ಬಾಗಿಲು ತಳ್ಳಿಕೊಂಡು ಬಂದು, ಅವನಿಗೆ ಬಾಯಿಗೆ ಬಂದಂತೆ ಬೈದು, ಮಗಳನ್ನು ಎತ್ತಿಕೊಂಡು ಹೋಗಿ ರೊಟ್ಟಿ ತಿನ್ನಿಸುತ್ತಿದ್ದರು. ಆಮೇಲೆ ನನ್ನನ್ನು ಮತ್ತೆ ಅವನ ಮಗ್ಗುಲಿಗೇ ಕಳಿಸುತ್ತಿದ್ದರು, ಅದು ಬೇರೆ ಮಾತು.

ಇಲ್ಲಿ ಓಣಿಯ ಬದಲು ಕೌನ್ಸೆಲಿಂಗ್ ಇದೆ. ಅಂದರೆ ಮಗುವನ್ನು ಒಂಟಿಯಾಗಿ ಕೂರಿಸಿಕೊಂಡು ಮನಸ್ಸಿನಲ್ಲಿರುವುದನ್ನು ಕೇಳುವುದು. ಮೂರನೇ ಕ್ಲಾಸಿನ ನನ್ನ ರೇಣುಕಾ, ಟೀಚರು ಕೈ ಎತ್ತಿದರೆ ಸಾಕು, ಬೆಂಚಿನ ಕೆಳಗೆ ಸೇರುತ್ತಿದ್ದಳಂತೆ. ಶಾಲೆಯ ಕೌನ್ಸೆಲರ್ ಮೇಡಂ ಮಾತಾಡಿಸಿದ ದಿನ ಕುಣಿಯುತ್ತಾ ಬಂದಳು. "ಯವ್ವಾ, ಎಲ್ಲಾ ಹೇಳೀನಿ. ಮೇಡಂ ಯಾರ ಮುಂದೂ ಹೇಳಂಗಿಲ್ಲಂತ!" ಅಬ್ಬಾ, ಈ ಹಾಳು ಊರಿನಲ್ಲೂ ಒಂದು ಒಳ್ಳೇ ಜೀವ ಇದೆಯಲ್ಲ ಎಂದು ನನಗೂ ಎದೆ ಹಗುರಾಯಿತು.

ಆ ಒಳ್ಳೇ ಜೀವ ಮುಂದಿನ ವಾರವೇ ನಮ್ಮಿಬ್ಬರನ್ನೂ ಕರೆಸಿತು. ರೇಣುಕಾಳನ್ನು ನಡುವೆ ನಿಲ್ಲಿಸಿ, "ನನಗೆ ಹೇಳಿದ್ಯಲ್ಲ, ಅದನ್ನೇ ಅಪ್ಪನ ಮುಂದೆ ಹೇಳು ಪುಟ್ಟಾ. ಮಗಳ ಬಾಯಿಂದ ಕೇಳಿದ್ರೆ ಎಂಥಾ ಅಪ್ಪನೂ ಕರಗ್ತಾನೆ" ಅಂದರು. ಹೆಸರು ಕೌನ್ಸೆಲಿಂಗ್, ಮಾಡಿದ್ದು ಅದೇ ನಮ್ಮೂರ ಪಂಚಾಯ್ತಿ! ಅವಳು ತಲೆ ಎತ್ತದೆ ಎಲ್ಲಾ ಹೇಳಿದಳು. ಗಂಡ ಕೈ ಮುಗಿದ, ಕಣ್ಣೀರೂ ಹಾಕಿದ. "ನೋಡಿದ್ರಾ?" ಎಂದು ಮೇಡಂ ಹಿಗ್ಗಿ ಮಗುವಿಗೊಂದು ಚಾಕಲೇಟು ಕೊಟ್ಟರು.

ಮನೆಗೆ ಬಂದು ಅವನು ಚಿಲಕ ಹಾಕಿದ. ಅಲ್ಲಿಯವರೆಗೆ ಹೊಡೆತವೆಲ್ಲ ನನ್ನ ಪಾಲಿನದಾಗಿತ್ತು. ಅಂದು ಬೆಲ್ಟು ಅವಳ ಮೇಲೆ ಬಿತ್ತು. ಅವಳ ಬಾಯಲ್ಲಿ ಚಾಕಲೇಟು ಇನ್ನೂ ಕರಗಿರಲಿಲ್ಲ.

ಈಗ ಅವನನ್ನು ಬಿಟ್ಟು ನಾವಿಬ್ಬರೇ ಇದೇ ಬೆಂಗಳೂರಿನ ಸುಬ್ರಹ್ಮಣ್ಯಪುರದಲ್ಲಿದ್ದೇವೆ, ನನ್ನ ಜೊತೆ ಗಾರ್ಮೆಂಟ್ಸಿನಲ್ಲಿ ದುಡಿಯುವ ಗೆಳತಿ ಕೊಡಿಸಿದ ಕೋಣೆಯಲ್ಲಿ. ಅವ್ವ ಫೋನು ಮಾಡಿ, "ಬಂದ್ಬಿಡು, ಹಿರೇರು ಕುಂತು ಗಂಡನ್ ಜೋಡಿ ಕೂಡಿಸ್ತಾರ" ಅನ್ನುತ್ತಾಳೆ. ಊರು ನೆನಪಾಗುತ್ತದೆ, ಆದರೆ ಆ ಹಿರಿಯರ ಮುಂದೆ ಕೂರಲು ನನ್ನಿಂದಾಗದು. ಇಲ್ಲಿ ಮಕ್ಕಳ ಸಹಾಯವಾಣಿಯವರ ಕಡೆಯಿಂದ ಒಬ್ಬ ಅಕ್ಕ ಶನಿವಾರ ಬರುತ್ತಾರೆ. ನಿಜಕ್ಕೂ ಒಳ್ಳೆಯ ಹೆಂಗಸು. ರೇಣುಕಾಳ ಜೊತೆ ಚೌಕಾಬಾರ ಆಡುತ್ತಾರೆ, ಬಾಯಿ ಬಿಡಿಸಲು ಅವಸರ ಮಾಡುವುದಿಲ್ಲ. ತಡವಾಗಿ ಸಿಕ್ಕರು, ಅಷ್ಟೇ. ಮಗಳು ಅವರಿಗೆ ಹೇಳುವುದು ಒಂದೇ ಮಾತು, "ನಮ್ಮಪ್ಪ ತುಂಬಾ ಒಳ್ಳೇವ್ರು."

ಮೊನ್ನೆ ಅವಳಿಗೆ ಕೆಂಡದಂಥ ಜ್ವರ. ಹಣೆ ಸವರಿ, "ಎಲ್ಲಿ ನೋಯ್ತದ, ನನ್ ಮುಂದರ ಹೇಳವ್ವಾ" ಅಂದೆ. ಕಣ್ಣು ತೆರೆದು ನನ್ನನ್ನೇ ನೋಡಿ, ಅಪ್ಪಟ ಬೆಂಗಳೂರು ಕನ್ನಡದಲ್ಲಿ ಅಂದಳು.

"ಏನಿಲ್ಲ ಮೇಡಂ, ಎಲ್ಲಾ ಚೆನ್ನಾಗಿದೆ."