ಒಂದು ಬಡಿತಕ್ಕೆ ನಿಲ್ಲುವ ಗಾಡಿ

ದೆವ್ವಗಳ ಮೇಲೆ ನನಗೆ ನಂಬಿಕೆಯಿಲ್ಲ. ಮನೆಯನ್ನು ಕಾರಿನ ಬಾಲಕ್ಕೆ ಕಟ್ಟಿಕೊಂಡು ಊರೂರು ಅಲೆಯುವವರ ಬುದ್ಧಿಯ ಮೇಲಂತೂ ಮೊದಲಿನಿಂದಲೂ ಇರಲಿಲ್ಲ. ಜಪಾನಿನಲ್ಲಿ ರೈಲು ಹೇಳಿದ ಹೊತ್ತಿಗೆ ಬರುತ್ತದೆ, ಹೋಟೆಲಿನವರು ಹಾಸಿಗೆ ಹಾಸಿ ಕಾಯುತ್ತಿರುತ್ತಾರೆ. ಅದನ್ನೆಲ್ಲ ಬಿಟ್ಟು, ಕಾಲು ಚಾಚಿದರೆ ಒಲೆಗೆ ತಗಲುವ ಪೆಟ್ಟಿಗೆಯಲ್ಲಿ ಮಲಗಲು ಹಿರೋಷಿಮಾದಿಂದ ಉತ್ತರದ ತುದಿಯ ಅವೊಮೋರಿಯವರೆಗೆ ಹೋಗುವುದೆಂದರೆ ತಲೆ ಕೆಟ್ಟಿದೆಯೆಂದೇ ಅರ್ಥ. ಇದನ್ನು ನಾನು ಗಿರಿಧರ್ ಅವರಿಗೆ ಮುಖಕ್ಕೇ ಹೇಳಿದ್ದೆ. ಅವರು ನಕ್ಕಿದ್ದರು. ಕೋಕಿಲಾ ಇನ್ನೂ ಜೋರಾಗಿ ನಕ್ಕಿದ್ದಳು. ಆಗ ಅವಳು ಬದುಕಿದ್ದಳು.

ಕೋಕಿಲಾ ಮೈಸೂರಿನ ಹಾಸ್ಟೆಲಿನಲ್ಲಿ ನನ್ನ ರೂಮಿನವಳು. ನಾನು ಜಪಾನಿನ ವಾಕೋದ ಸಂಶೋಧನಾ ಸಂಸ್ಥೆಗೆ ಬಂದು ಪ್ರೋಟೀನುಗಳ ಹಿಂದೆ ಬಿದ್ದೆ. ಅವಳು ಗಿರಿಧರ್ ಅವರನ್ನು ಮದುವೆಯಾಗಿ ಹಿರೋಷಿಮಾಗೆ ಬಂದಳು. ಗಿರಿಧರ್ ಅಲ್ಲಿ ಕಾರಿನ ಕಾರ್ಖಾನೆಯಲ್ಲಿ ಬ್ರೇಕ್ ವಿಭಾಗದ ಎಂಜಿನಿಯರ್. ಮಾತು ಕಡಿಮೆ, ಸಂಬಾರಿಗೆ ಉಪ್ಪು ಕಡಿಮೆಯಾದರೂ ಹೇಳದ ಮನುಷ್ಯ. ಮಗಳು ಜಾಹ್ನವಿ ಹುಟ್ಟಿದ್ದು ಬೆಳೆದದ್ದು ಎಲ್ಲ ಅಲ್ಲೇ. ಅವಳು ಪ್ರೈಮರಿ ಸ್ಕೂಲಿನಲ್ಲಿದ್ದಾಗ ಗಂಡಹೆಂಡತಿ ಸೇರಿ ಒಂದು ಹಳೆಯ ಟ್ರೇಲರ್ ಕೊಂಡರು. ಬಿಳಿಯ ಮೈ, ಹಸಿರು ಪಟ್ಟಿ, ಒಳಗೆ ಎರಡು ಮಂಚ, ಒಂದು ಒಲೆ. ಅದಕ್ಕೆ ಅವರ ಮನೆಯಲ್ಲಿ ‘ಬಸ್ಸು’ ಎಂದೇ ಹೆಸರು.

ಹೆಸರಿಟ್ಟವಳು ಕೋಕಿಲಾ. ಅವಳ ತಂದೆ ಮಂಡ್ಯ ಡಿಪೋದಲ್ಲಿ ಕಂಡಕ್ಟರಾಗಿದ್ದವರು. ಟ್ರೇಲರನ್ನು ಹಿಮ್ಮುಖವಾಗಿ ಹಾಕುವುದು ಸುಲಭವಲ್ಲ. ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಅದರ ಹಿಂಭಾಗ ಬಲಕ್ಕೆ ಹೋಗುತ್ತದೆ. ಆದ್ದರಿಂದ ಒಬ್ಬರು ಹಿಂದೆ ನಿಂತು ದಾರಿ ಹೇಳಬೇಕು. ಜಪಾನಿನವರಾದರೆ ‘ಓರೈ, ಓರೈ’ ಎಂದು ಕೂಗುತ್ತಾರೆ. ಕೋಕಿಲಾ ಕೂಗುತ್ತಿರಲಿಲ್ಲ, ಅಂಗೈಯಿಂದ ಗಾಡಿಯ ಮೈಯನ್ನು ಬಡಿಯುತ್ತಿದ್ದಳು. ಎರಡು ಬಡಿದರೆ ಬನ್ನಿ, ಒಂದು ಬಡಿದರೆ ನಿಲ್ಲಿಸಿ. ನಮ್ಮೂರ ಬಸ್ಸಿನಲ್ಲಿ ಹತ್ತಿದವರಿಗೆಲ್ಲ ಗೊತ್ತಿರುವುದೇ: ಎರಡು ಬೆಲ್ ಆದರೆ ರೈಟ್, ಒಂದಾದರೆ ಯಾರೋ ಇಳಿಯಬೇಕು. ಕ್ಯಾಂಪಿನ ಜಾಗಗಳಲ್ಲಿ ಜಪಾನಿ ಹೆಂಗಸರು ಅವಳನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರಂತೆ. ಅವಳಿಗೆ ಅದೇ ಜಂಬ.

ಎರಡು ವರ್ಷದ ಹಿಂದಿನ ಮೇ ತಿಂಗಳ ರಜೆಯಲ್ಲಿ ಗಂಡಹೆಂಡತಿ ಇಬ್ಬರೇ ಹೊಕುರಿಕು ಹೆದ್ದಾರಿಯಲ್ಲಿ ಹೋಗುತ್ತಿದ್ದಾಗ ಕೋಕಿಲಾಳಿಗೆ ತಲೆನೋವು ಬಂತು. ಎಳೆಸಿಕೊಂಡು ಹೋಗುವ ಗಾಡಿಯೊಳಗೆ ಜನ ಕೂರಬಾರದೆಂದು ಇಲ್ಲಿ ಕಾನೂನಿದೆ. ಗಿರಿಧರ್ ಕಾನೂನಿಗೆ ಕೂದಲೆಳೆಯಷ್ಟೂ ತಪ್ಪದವರು. ಆದರೆ ಅವಳು, ‘ಮುಂದಿನ ಸರ್ವೀಸ್ ಏರಿಯಾವರೆಗೆ ಬಸ್ಸಲ್ಲಿ ಮಲಗಿರ್ತೀನಿ ರೀ, ಕತ್ತಲಲ್ಲಿದ್ರೆ ಕಡಿಮೆ ಆಗತ್ತೆ’ ಎಂದಳು. ಅವರು ಹೂಂ ಎಂದರು. ಹೆದ್ದಾರಿ ಬದಿಯ ಆ ತಂಗುದಾಣದಲ್ಲಿ ಬಾಗಿಲು ತೆಗೆದಾಗ ಅವಳು ಮಂಚದ ಮೇಲಿರಲಿಲ್ಲ. ಮುಂದಿನ ಗೋಡೆಯ ಪಕ್ಕ, ಕಾರಿನ ಕಡೆಗಿರುವ ಗೋಡೆಯ ಪಕ್ಕ, ನೆಲದ ಮೇಲೆ ಬಿದ್ದಿದ್ದಳು. ಅಂಗೈ ಗೋಡೆಗೆ ತಾಗಿಕೊಂಡಿತ್ತು. ಮೆದುಳಿನಲ್ಲಿ ರಕ್ತಸ್ರಾವ ಎಂದರು ಡಾಕ್ಟರು.

ಅಷ್ಟಾದ ಮೇಲೆ ಆ ಗಾಡಿಯನ್ನು ಗುಜರಿಗೆ ಹಾಕುತ್ತಾರೆಂದು ನಾನು ಎಣಿಸಿದ್ದೆ. ಗಿರಿಧರ್ ಹಾಕಲಿಲ್ಲ. ರಜೆ ಸಿಕ್ಕಿದಾಗಲೆಲ್ಲ ಅದನ್ನು ಕಟ್ಟಿಕೊಂಡು ಹೊರಟುಬಿಡುತ್ತಿದ್ದರು. ಶಿಕೊಕು, ಕ್ಯೂಶು, ನೋತೋ. ನೋಡಲು ಹೋಗುತ್ತಿರಲಿಲ್ಲ, ಓಡಿಸಲು ಹೋಗುತ್ತಿದ್ದರು. ಕಳೆದ ಆಗಸ್ಟಿನಲ್ಲಿ ಜಾಹ್ನವಿ ನನಗೆ ಫೋನ್ ಮಾಡಿದಳು. ಅವಳೀಗ ಹಿರೋಷಿಮಾದಲ್ಲಿ ಕಾಲೇಜು ಎರಡನೇ ವರ್ಷ.

‘ಆಂಟಿ, ಅಪ್ಪ ಈಸ್ ನಾಟ್ ಓಕೆ. ಓಬೊನ್ ಹಾಲಿಡೇಸ್‌ಗೆ ಅವೊಮೋರಿಗೆ ಹೋಗ್ತಿದೀವಿ. ನೀವು ನೀಗಾತಾದಲ್ಲಿ ಹತ್ಕೊಳ್ಳಿ, ಪ್ಲೀಸ್.’

‘ಏನಾಗಿದೆ ಅಪ್ಪಂಗೆ?’

‘ರಿವರ್ಸ್ ಮಾಡುವಾಗ ಯಾರನ್ನೂ ಹಿಂದೆ ನಿಲ್ಲೋಕೆ ಬಿಡಲ್ಲ. ನಾನು ಹಠ ಮಾಡಿ ನಿಂತ್ರೂ ನನ್ನ ಮಾತು ಕೇಳಲ್ಲ. ಅಮ್ಮ ಬಡೀತಾಳೆ ಅಂತಾರೆ.’

ದುಃಖದಲ್ಲಿ ಹಾಗೆಲ್ಲ ಕೇಳಿಸುತ್ತದೆ ಎಂದೆ. ಅವಳು, ‘ಸಮಸ್ಯೆ ಅದಲ್ಲ ಆಂಟಿ. ನಂಗೂ ಕೇಳಿಸತ್ತೆ’ ಎಂದಳು.

ನೀಗಾತಾ ಸ್ಟೇಷನ್ನಿನಲ್ಲಿ ನನ್ನನ್ನು ಹತ್ತಿಸಿಕೊಂಡಾಗ ಗಿರಿಧರ್ ಎಂದಿನಂತೆಯೇ ಇದ್ದರು. ಇಸ್ತ್ರಿ ಮಾಡಿದ ಅಂಗಿ, ಚೆನ್ನಾಗಿ ಬಾಚಿದ ತಲೆ. ‘ಬನ್ನಿ ಪ್ರಭಾ ಅವರೇ, ಪ್ರಯಾಣ ಆರಾಮಾಗಿತ್ತಾ?’ ಎಂದು ಬ್ಯಾಗನ್ನು ಎತ್ತಿಟ್ಟರು. ನಾನೂ ಜಾಹ್ನವಿಯೂ ಟ್ರೇಲರಿನಲ್ಲಿ ಮಲಗುವುದು, ಅವರು ಕಾರಿನ ಸೀಟಿನಲ್ಲಿ ಎಂದು ಮೊದಲೇ ಮಾತಾಗಿತ್ತು. ಕೋಕಿಲಾ ಬಿದ್ದಿದ್ದ ನೆಲದ ಮೇಲೆ ನಡೆದುಹೋಗಿ ಅವಳ ಮಂಚದಲ್ಲಿ ಮಲಗಬೇಕು. ಒಪ್ಪಿಕೊಂಡಾಗ ಅದು ನನಗೆ ಹೊಳೆದೇ ಇರಲಿಲ್ಲ. ಬಾಗಿಲು ತೆಗೆದಾಗ ಹೊಳೆಯಿತು.

ಓಬೊನ್ ಎಂದರೆ ಸತ್ತವರು ಮನೆಗೆ ಬಂದು ಹೋಗುವ ದಿನಗಳು. ನಮ್ಮ ಪಿತೃಪಕ್ಷವೇ, ಕಾಗೆಯೊಂದಿಲ್ಲ ಅಷ್ಟೆ. ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದ ಕಡೆ ಒಬ್ಬ ಮುದುಕಿ ಸೌತೆಕಾಯಿಗೂ ಬದನೆಕಾಯಿಗೂ ಕಡ್ಡಿಯ ಕಾಲು ಚುಚ್ಚಿ ಮಾರುತ್ತಿದ್ದಳು. ಸೌತೆಕಾಯಿ ಕುದುರೆ, ಸತ್ತವರು ಬೇಗ ಬರಲಿ ಎಂದು. ಬದನೆಕಾಯಿ ಹಸು, ತಿರುಗಿ ಹೋಗುವಾಗ ನಿಧಾನವಾಗಿ ಹೋಗಲಿ ಎಂದು. ಗಿರಿಧರ್ ಒಂದು ಜೊತೆ ಕೊಂಡರು. ಕುದುರೆ ಸ್ಟೀರಿಂಗಿನ ಮುಂದೆ, ಗಾಜಿನ ಹತ್ತಿರ ನಿಂತಿತು. ಹಸುವಿನ ಕಾಲುಗಳನ್ನು ಅವರು ಕಿತ್ತು, ಸಂಜೆ ಅದನ್ನು ಬೇರೆ ಬದನೆಕಾಯಿಗಳ ಜೊತೆ ಸೀಳಿ, ಎಣ್ಣೆಗಾಯಿ ಮಾಡಿದರು. ಕೋಕಿಲಾಳಿಗೆ ಇಷ್ಟವಾಗಿದ್ದ ಅಡುಗೆ.

‘ಅಪ್ಪ, ಅದನ್ನ ತಿನ್ನಬಾರದು. ಅದು ವಾಪಸ್ ಹೋಗೋಕೆ’ ಎಂದಳು ಜಾಹ್ನವಿ.

‘ಗೊತ್ತು’ ಎಂದರು ಅವರು, ಅವಳ ತಟ್ಟೆಗೆ ಇನ್ನೊಂದು ಹಾಕುತ್ತಾ.

ನಾನು ತಿಂದೆ. ಚೆನ್ನಾಗಿತ್ತು ಎಂದು ಒಪ್ಪಿಕೊಳ್ಳಲೇಬೇಕು.

ಅದಕ್ಕೂ ಮೊದಲು, ಆ ಸಂಜೆ ಗಾಡಿ ನಿಲ್ಲಿಸುವಾಗ ನಾನೂ ಕೇಳಿದ್ದೆ. ಗಿರಿಧರ್ ಎಸಿ ಆರಿಸಿ, ಕಿಟಕಿ ಇಳಿಸಿ, ಹಿಂದಕ್ಕೆ ತೆಗೆಯತೊಡಗಿದರು. ಟಪ್ ಟಪ್. ಸ್ವಲ್ಪ ಬಿಟ್ಟು ಮತ್ತೆ ಟಪ್ ಟಪ್. ಅಂಗೈಯಿಂದ ತಗಡನ್ನು ಬಡಿದ ಸದ್ದೇ. ಕನ್ನಡಿಯಲ್ಲಿ ನೋಡಿದರೆ ಜಾಹ್ನವಿ ದೂರದಲ್ಲಿ ಕೈಕಟ್ಟಿ ನಿಂತಿದ್ದಳು. ನನ್ನ ತೋಳಿನ ಮೇಲಿನ ಕೂದಲು ನಿಮಿರಿತು, ಅದಕ್ಕೆ ನನಗೆ ನನ್ನ ಮೇಲೆಯೇ ಸಿಟ್ಟು ಬಂತು.

‘ಕೇಳಿಸ್ತಲ್ಲ?’ ಎಂದರು ಗಿರಿಧರ್.

‘ಏನೋ ಸಡಿಲ ಆಗಿರತ್ತೆ, ಗಿರಿಧರ್. ನೀವು ಎಂಜಿನಿಯರು. ನಾನು ಹೇಳ್ಬೇಕಾ?’

ಅವರು ಗಾಡಿ ಆರಿಸಿ, ಕೈಯನ್ನು ಸ್ಟೀರಿಂಗಿನ ಮೇಲೆಯೇ ಇಟ್ಟುಕೊಂಡು ಮಾತಾಡಿದರು. ಅಷ್ಟು ಉದ್ದ ಅವರು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ‘ಎರಡು ಬಡಿತ ಯಾವಾಗ್ಲೂ ಬರತ್ತೆ. ಒಂದು ಬಡಿತ ಬರಲ್ಲ. ಆವತ್ತು ಅವಳು ಒಂದು ಬಡಿದಿರ್ತಾಳೆ ಪ್ರಭಾ ಅವರೇ. ಅವಳ ಕೈ ಎಲ್ಲಿತ್ತು ಅಂತ ನಾನೇ ನೋಡಿದೀನಿ. ಎದ್ದು, ಗೋಡೆವರೆಗೂ ಬಂದು, ನಿಲ್ಸಿ ಅಂತ ಬಡಿದಿರ್ತಾಳೆ. ನಾನು ಟನಲ್ ಒಳಗಿದ್ದೆ, ರೇಡಿಯೋ ಹಾಕ್ಕೊಂಡಿದ್ದೆ. ಬ್ರೇಕ್ ಮಾಡೋದೇ ನನ್ನ ಕೆಲಸ. ನಾನು ನಿಲ್ಲಿಸ್ಲಿಲ್ಲ. ಆ ಒಂದು ಬಡಿತ ಕೇಳೋವರೆಗೂ ಓಡಿಸ್ತಾನೇ ಇರ್ತೀನಿ.’

ಬಾಯಿಬಡುಕಿ ಎಂದು ಹೆಸರಾದ ನಾನು ಇಳಿದು ಹೋಗಿ ಟ್ರೇಲರಿನ ಚಕ್ರಗಳಿಗೆ ಅಡ್ಡಗಲ್ಲು ಇಟ್ಟೆ.

ಮರುದಿನ ಬೆಳಿಗ್ಗೆ ಗಿರಿಧರ್ ಹಲ್ಲುಜ್ಜಲು ಹೋದಾಗ ಜಾಹ್ನವಿ ನನ್ನನ್ನು ಟ್ರೇಲರಿನ ಹಿಂದಕ್ಕೆ ಕರೆದುಕೊಂಡು ಹೋದಳು. ನೀರಿನ ಪೈಪು ಇಡುವ ಸಣ್ಣ ಗೂಡಿನ ಮುಚ್ಚಳವನ್ನು ಬೆರಳಿನಿಂದ ಅಲ್ಲಾಡಿಸಿದಳು. ಟಪ್ ಟಪ್.

‘ಚಿಲಕ ಲೂಸ್ ಆಗಿದೆ. ರಿವರ್ಸ್ ಮಾಡುವಾಗ ಗಾಡಿ ವಾಲಿದ್ರೆ ಬಡಿಯತ್ತೆ. ಅಷ್ಟೇ ಆಂಟಿ. ನಿನ್ನೆ ಹುಡುಕಿದೆ.’ ಜೇಬಿನಿಂದ ಅಗಲವಾದ ಬೂದು ಟೇಪು ತೆಗೆದಳು. ಮುಚ್ಚಳದ ಸುತ್ತ ಬಿಗಿಯಾಗಿ, ಮೂರು ಪದರ ಸುತ್ತಿದಳು. ಅವಳ ಮುಖ ಕೆಂಪಾಗಿತ್ತು. ‘ಇವತ್ತು ನಾನು ಹಿಂದೆ ನಿಂತು ಹೇಳ್ತೀನಿ. ಅಪ್ಪ ನನ್ನ ಮಾತು ಕೇಳ್ಬೇಕು. ನಾನೂ ಇದೀನಿ ಅಲ್ವಾ?’

‘ಅಮ್ಮನ ಹಾಗೆ ನೀನೇ ಬಡಿದುಬಿಡು. ಆಗ ಕೇಳ್ತಾರೆ’ ಎಂದೆ.

‘ಇಲ್ಲ ಆಂಟಿ. ಅದು ಅಮ್ಮಂದು.’

ಇಡೀ ದಿನ ಎಡಕ್ಕೆ ಸಮುದ್ರವನ್ನು ಇಟ್ಟುಕೊಂಡು ಉತ್ತರಕ್ಕೆ ಹೋದೆವು. ಟ್ರೇಲರ್ ಕಟ್ಟಿಕೊಂಡರೆ ವೇಗವಾಗಿ ಹೋಗುವಂತಿಲ್ಲ, ಎಲ್ಲರೂ ನಮ್ಮನ್ನು ದಾಟಿ ಹೋಗುತ್ತಿದ್ದರು. ಹಳ್ಳಿಗಳಲ್ಲಿ ಸ್ಮಶಾನಕ್ಕೆ ಹೂವು, ನೀರು ಹೊತ್ತು ಹೋಗುವ ಮನೆಮಂದಿ ಕಂಡರು. ಗಿರಿಧರ್ ಎರಡು ಸಲ, ಏನೂ ಕಾರಣವಿಲ್ಲದೆ, ವೇಗ ಇಳಿಸಿ ಕಿವಿಗೊಟ್ಟರು. ಸೌತೆಕಾಯಿ ಕುದುರೆ ಬಿಸಿಲಿಗೆ ಮೆತ್ತಗಾಗಿ ಮುಂದಕ್ಕೆ ಬಾಗಿತ್ತು.

ಹೊತ್ತು ಮುಳುಗುವಾಗ ಅಕಿತಾ ಕಡೆಯ ಒಂದು ಪುಟ್ಟ ಮೀನುಗಾರರ ಬಂದರಿಗೆ ಬಂದೆವು. ಕ್ಯಾಂಪಿಗೆ ಬಿಟ್ಟಿದ್ದ ಜಾಗದ ಹಿಂದೆ ಎದೆಮಟ್ಟದ ಕಾಂಕ್ರೀಟ್ ಗೋಡೆ, ಅದರಾಚೆ ಸಮುದ್ರ. ಗಿರಿಧರ್ ಬೇಡವೆಂದರೂ ಕೇಳದೆ ಜಾಹ್ನವಿ ಇಳಿದು ಹಿಂದೆ ಹೋಗಿ ನಿಂತಳು. ನಾನು ಮುಂದಿನ ಸೀಟಿನಲ್ಲೇ ಕುಳಿತೆ.

‘ಓರೈ, ಓರೈ’ ಎಂದು ಗಾಳಿಯಲ್ಲಿ ಅವಳ ದನಿ ಬಂತು.

ಗಾಡಿ ಹಿಂದಕ್ಕೆ ಹೋಗತೊಡಗಿತು. ಬಡಿತ ಬರಲಿಲ್ಲ. ಗಿರಿಧರ್ ಸ್ಟೀರಿಂಗನ್ನು ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ತಿರುಗಿಸಿದರು. ಆಗಲೂ ಬರಲಿಲ್ಲ. ಅವರ ಮುಖ ಬಿಳಿಚಿಕೊಂಡಿತು.

‘ಕೇಳಿಸ್ತಿಲ್ಲ’ ಎಂದರು. ‘ಪ್ರಭಾ ಅವರೇ, ನಿಮಗೆ ಕೇಳಿಸ್ತಿದೆಯಾ?’

‘ಮಗಳು ಹೇಳ್ತಿದಾಳಲ್ಲ, ಅದನ್ನ ಕೇಳಿ.’

‘ಇನ್ನೂ ಸ್ವಲ್ಪ ಹಿಂದಕ್ಕೆ ಹೋದ್ರೆ ಕೇಳಿಸತ್ತೆ.’

ಆಗ ನನಗೆ ಗೊತ್ತಾಯಿತು, ಜಾಹ್ನವಿಯ ‘ಓರೈ’ ನಿಂತುಹೋಗಿದೆ. ಕನ್ನಡಿಯತ್ತ ಬಗ್ಗಿದೆ. ಬಿಳಿಯ ಗಾಡಿ, ಗೋಡೆ, ಕೆಂಪು ಆಕಾಶ ಕಂಡವು. ಹುಡುಗಿ ಕಾಣಲಿಲ್ಲ. ‘ಗಿರಿಧರ್, ನಿಲ್ಸಿ’ ಎಂದೆ. ಅವರ ಕಣ್ಣು ಎಲ್ಲೋ ಇತ್ತು, ಗಾಡಿ ಹೋಗುತ್ತಲೇ ಇತ್ತು. ಅವರ ಭುಜ ಹಿಡಿದು ಜಗ್ಗಿದೆ. ನನ್ನನ್ನು ಅವರು ಕೇಳಿಸಿಕೊಳ್ಳಲೇ ಇಲ್ಲ.

ಟಪ್.

ಒಂದೇ. ಜೋರಾಗಿ. ನನ್ನ ಬೆನ್ನಿಗೇ ಬಿದ್ದಂತಾಯಿತು. ಸದ್ದು ಮುಗಿಯುವ ಮೊದಲೇ ಗಿರಿಧರ್ ಬ್ರೇಕ್ ತುಳಿದಿದ್ದರು. ಕುದುರೆ ಗಾಜಿನ ಹತ್ತಿರದಿಂದ ಉರುಳಿ ನನ್ನ ಕಾಲ ಬಳಿ ಬಿತ್ತು.

ಹಿಂದಕ್ಕೆ ಓಡಿದೆವು. ಜಾಹ್ನವಿ ಗೋಡೆಯ ಬುಡದಲ್ಲಿ, ಅದಕ್ಕೆ ಬೆನ್ನು ತಾಗಿಕೊಂಡು ಬಿದ್ದಿದ್ದಳು. ಯಾರೋ ಬಿಟ್ಟುಹೋದ ಹಳೆಯ ಮೀನಿನ ಬಲೆಗೆ ಕಾಲು ಸಿಕ್ಕಿಹಾಕಿಕೊಂಡಿತ್ತು. ಟ್ರೇಲರಿನ ಹಿಂಭಾಗ ಅವಳ ಮೊಣಕಾಲಿನ ನೇರಕ್ಕೆ ಬಂದಿತ್ತು. ಇನ್ನೊಂದು ಮೊಳ ಬಂದಿದ್ದರೆ ಅವಳ ಎದೆ ಗೋಡೆಗೂ ಗಾಡಿಗೂ ನಡುವೆ ಸಿಗುತ್ತಿತ್ತು. ಎರಡು ಕೈಯಲ್ಲೂ ಬಲೆಯನ್ನು ಹಿಡಿದು ಎಳೆಯುತ್ತಿದ್ದಳು. ಗಿರಿಧರ್ ಅವಳನ್ನು ಎಳೆದು ತಬ್ಬಿಕೊಂಡರು. ಬಲೆಯಿಂದ ಅವಳ ಕಾಲು ಬಿಡಿಸಿದ ಮೇಲೆ, ‘ನೀನು ಬಡಿದ್ಯಾ?’ ಎಂದರು.

‘ಇಲ್ಲ ಅಪ್ಪ. ಎರಡು ಕೈಯೂ ಬಲೇಲಿತ್ತು. ಕೂಗೋಕೂ ಉಸಿರು ಬರ್ಲಿಲ್ಲ.’

ನಾನು ನೋಡಿದ್ದು ಟೇಪನ್ನು. ಮೂರು ಪದರವೂ ಬೆಳಿಗ್ಗೆ ಇದ್ದಂತೆಯೇ ಬಿಗಿಯಾಗಿತ್ತು. ಉಗುರಿನಿಂದ ಕೆದಕಿದೆ, ಮುಚ್ಚಳ ಅಲ್ಲಾಡಲಿಲ್ಲ. ಆಮೇಲೆ ಟ್ರೇಲರಿನ ಸುತ್ತ, ಅಡಿಯಲ್ಲಿ, ಕೊಂಡಿಯ ಹತ್ತಿರ, ಬಡಿಯಬಲ್ಲ ವಸ್ತು ಏನಿದೆಯೆಂದು ಹುಡುಕಿದೆ. ಇವತ್ತಿಗೂ ಮನಸ್ಸಿನಲ್ಲಿ ಹುಡುಕುತ್ತಲೇ ಇದ್ದೇನೆ, ನನ್ನ ಹಠ ಅಂಥದ್ದು. ಏನೂ ಸಿಕ್ಕಿಲ್ಲ.

ಗಿರಿಧರ್ ಮಗಳನ್ನು ನನ್ನ ಕೈಗೆ ಕೊಟ್ಟು ಟ್ರೇಲರಿನ ಬಾಗಿಲ ಬಳಿ ಹೋದರು. ಬೀಗ ತೆಗೆದರು. ಮೆಟ್ಟಿಲು ಹಲಗೆಯನ್ನು ಇಳಿಸಿ, ಅದು ಅಲ್ಲಾಡದಂತೆ ಕಾಲಿನಿಂದ ಒತ್ತಿ ನೋಡಿದರು. ಬಾಗಿಲನ್ನು ಪೂರ್ತಿ ತೆರೆದು ಹಿಡಿದು, ಪಕ್ಕಕ್ಕೆ ಸರಿದು ನಿಂತರು. ನಮ್ಮ ಬಸ್ಸುಗಳಲ್ಲಿ ವಯಸ್ಸಾದವರು ಇಳಿಯುವಾಗ ಕಂಡಕ್ಟರು ನಿಲ್ಲುವುದಿಲ್ಲವೇ, ಹಾಗೆ.

‘ನಿಲ್ಸಿದೀನಿ ಕೋಕಿಲಾ’ ಎಂದರು. ‘ನಿಧಾನಕ್ಕೆ ಇಳಿ.’

ಒಳಗಿನಿಂದ ಹಿಂದಿನ ಸಂಜೆಯ ಎಣ್ಣೆಗಾಯಿಯ ವಾಸನೆ ಬಂತು, ಬೇರೇನೂ ಬರಲಿಲ್ಲ. ಅವರು ಹಾಗೆಯೇ ನಿಂತಿದ್ದರು, ಒಬ್ಬರು ಚಪ್ಪಲಿ ಹುಡುಕಿ ಹಾಕಿಕೊಂಡು, ಸೆರಗು ಸರಿಮಾಡಿಕೊಂಡು ಇಳಿಯಲು ಬೇಕಾಗುವಷ್ಟು ಹೊತ್ತು. ಜಾಹ್ನವಿ ನನ್ನ ತೋಳನ್ನು ಬಿಗಿಯಾಗಿ ಹಿಡಿದಿದ್ದಳು. ನಾವಿಬ್ಬರೂ ದಾರಿ ಬಿಟ್ಟು ಗೋಡೆಯ ಕಡೆ ಸರಿದು ನಿಂತೆವು. ಯಾಕೆ ಸರಿದೆ ಎಂದು ನನ್ನನ್ನು ಕೇಳಬೇಡಿ.

ಆಮೇಲೆ ಗಿರಿಧರ್ ಬಾಗಿಲು ಮುಚ್ಚಿದರು. ಸಮುದ್ರದ ಕಡೆ ನೋಡುತ್ತಾ, ಮುಂದೇನು ಮಾಡಬೇಕೆಂದು ತಿಳಿಯದವರಂತೆ ಕೈ ಇಳಿಬಿಟ್ಟು ನಿಂತರು. ಗಾಡಿ ಇನ್ನೂ ಗೋಡೆಗೆ ಅಂಟಿದಂತೆಯೇ ನಿಂತಿತ್ತು, ಮುಂದಕ್ಕೆ ತೆಗೆಯಬೇಕಿತ್ತು. ಜಾಹ್ನವಿ ನನ್ನ ತೋಳು ಬಿಟ್ಟು, ಕುಂಟುತ್ತಾ ಟ್ರೇಲರಿನ ಹತ್ತಿರ ಹೋದಳು. ಅಂಗೈ ಎತ್ತಿ, ಹಸಿರು ಪಟ್ಟಿಯ ಮೇಲೆ ಎರಡು ಸಲ ಬಡಿದಳು.

ಗಿರಿಧರ್ ತಿರುಗಿ ಮಗಳನ್ನು ನೋಡಿದರು. ‘ರೈಟ್’ ಎಂದು, ಹೋಗಿ ಸ್ಟೀರಿಂಗಿನ ಮುಂದೆ ಕುಳಿತರು.