ಅಕ್ಕನ ಆಡುಸೋಗೆ, ನನ್ನ ಹಿತ್ತಾಳೆ ತಪ್ಪಲೆ

ಅಕ್ಕನ ಬಲಗೈಯ ಉಗುರುಸಂದಿ ವರ್ಷವಿಡೀ ಹಸಿರಾಗಿರುತ್ತಿತ್ತು. ಎಷ್ಟು ತಿಕ್ಕಿದರೂ ಆಡುಸೋಗೆಯ ಕರೆ ಹೋಗುತ್ತಿರಲಿಲ್ಲ. ಅದು ವಿಷದ ಕೈ ಎಂದು ಊರು ಆಡಿಕೊಂಡಾಗ, ಅಲ್ಲ ಎಂದು ಹೇಳಬಲ್ಲವಳು ನಾನೊಬ್ಬಳೇ ಇದ್ದೆ. ಎಂಟು ವರ್ಷ ಹೇಳಲಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು, ಅಕ್ಕ ಅದೂ ಇಲ್ಲ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ನಮ್ಮ ಮನೆ. ಬೇಲಿಯುದ್ದಕ್ಕೂ ಆಡುಸೋಗೆ, ಆಡೂ ಬಾಯಿ ಹಾಕದಷ್ಟು ಕಹಿ. ಕಬ್ಬಿನ ಗರಿ ಕುಯ್ದ ಕೈಗಳನ್ನು ಅಕ್ಕ ಅದರ ಕಷಾಯದಲ್ಲಿ ತೊಳೆದು, ಎಲೆ ಅರೆದು ಕಟ್ಟುತ್ತಿದ್ದಳು. ಕೆಮ್ಮಿಗೆ ಮೆಣಸು ಹಾಕಿ ಕಾಯಿಸಿ ಕೊಡುತ್ತಿದ್ದಳು. ಅವಳದು ಒಂದೇ ಕಟ್ಟಳೆ. "ಮಣ್ ಮಡಕೇಲೇ ಕಾಯಿಸ್ಬೇಕು ಕಣಮ್ಮಿ. ಬ್ಯಾರೆ ಪಾತ್ರೆ ಮುಟ್ಟುಸ್ಬ್ಯಾಡ."

ಎರಡನೇ ಮಹಾಯುದ್ಧ ಶುರುವಾದ ವರ್ಷ. ಅಕ್ಕ ಗದ್ದೆಗೆ ಹೋಗಿದ್ದಾಗ ಎದುರುಮನೆಯವಳು ಮಗುವಿಗೆ ಕೆಮ್ಮು ಎಂದು ಬಂದಳು. ಮಡಕೆ ಹಿಂದಿನ ದಿನವೇ ನನ್ನ ಕೈಜಾರಿ ಒಡೆದಿತ್ತು. ಬೈಗುಳಕ್ಕೆ ಹೆದರಿ ಹೇಳಿರಲಿಲ್ಲ. ಕಲಾಯಿ ಹೋದ ಹಿತ್ತಾಳೆ ತಪ್ಪಲೆಯಲ್ಲಿ ಕಾಯಿಸಿದೆ. ಕಹಿ ತಗ್ಗಲೆಂದು ಹುಣಸೆಹುಳಿ ಕಿವುಚಿ, ಆರುವವರೆಗೂ ಅದರಲ್ಲೇ ಬಿಟ್ಟೆ. ಕುಡಿದ ಮಗು ವಾಂತಿ ಮಾಡಿಕೊಂಡು ಸುಸ್ತಾಗಿ ಬಿತ್ತು. ತಾಯಿ ಎತ್ತಿಕೊಂಡು ಪೇಟೆಗೆ ಓಡಿದಳು. ಅಲ್ಲಿ ಸ್ವಂತ ಔಷಧಿ ಅಂಗಡಿ ಇಟ್ಟಿದ್ದ ಕಾಂಪೌಂಡರ್ ಮಗುವನ್ನು ಉಳಿಸಿದ. ಅಂಗಡಿ ತುಂಬ ಜನರಿದ್ದಾಗ, "ಅವಳ ಸೊಪ್ಪೇ ವಿಷ" ಎಂದ.

ಸಂಜೆ ಅಕ್ಕ ಕೇಳಿದಳು. "ಯಾವುದ್ರಲ್ಲಿ ಕಾಯಿಸ್ದೆ?"

"ಮಡಕೇಲೇ. ಆಮೇಲ್ ತೊಳೀವಾಗ ಒಡ್ದೋಯ್ತು."

ಅಕ್ಕ ನಂಬಿದಳು. ಅಂದಿನಿಂದ ಕಾಂಪೌಂಡರ್ ಮೇಲೆ ಅವಳ ಸೇಡು ಶುರುವಾಯಿತು. ಕಾಂಪೌಂಡರ್ ಕಟ್ಟಿದ ಗಾಯ ಮಾಯದೆ ಯಾರಾದರೂ ಬಂದರೆ, ಅವಳು ಬಿಚ್ಚಿದ ಪಟ್ಟಿಯನ್ನು ಒಗೆದು, ಮಡಿಸಿ, ಗಾಯ ಒಣಗಿದ ಮೇಲೆ ಅವರ ಕೈಯಲ್ಲೇ ಅವನಿಗೆ ವಾಪಸು ಕಳಿಸುತ್ತಿದ್ದಳು. "ಬಟ್ಟೆ ನಿಂದು, ವಾಸಿಯಾಗಿದ್ದು ನಂದು ಅನ್ನು." ಸಂತೆಗೆ ಹೋಗುವಾಗ ಅವನ ಅಂಗಡಿಯ ಮುಂದೆ ಉಗಿಯುವುದು ನಮ್ಮಿಬ್ಬರ ರೂಢಿ. ಅಕ್ಕನಿಗಿಂತ ಜೋರಾಗಿ ನಾನು ಉಗಿಯುತ್ತಿದ್ದೆ.

ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಪರೀಕ್ಷೆ ಮಾಡುವ ಒಬ್ಬರು ಕೆಮ್ಮಿಗೆ ಅಕ್ಕನ ಹತ್ತಿರ ಬರುತ್ತಿದ್ದರು. ಒಮ್ಮೆ ಎರಡು ಶೀಷೆಗಳಲ್ಲಿ ಕಬ್ಬಿನ ಹಾಲು ತುಂಬಿ, ಒಂದಕ್ಕೆ ಮಾತ್ರ ಆಡುಸೋಗೆ ರಸ ಹಾಕಿಟ್ಟರು. ಮಾರನೆಯ ದಿನ ಒಂದು ನೊರೆಯೆದ್ದು ನಾರುತ್ತಿತ್ತು, ರಸ ಹಾಕಿದ್ದು ಹಾಗೇ ಇತ್ತು.

"ಹುಳಿ ಬರಿಸೋ ಕಣ್ಣಿಗೆ ಕಾಣದ ಜೀವಿಗಳನ್ನ ಈ ಎಲೆಯ ಸತ್ವ ತಡೀತದೆ ತಾಯಿ. ಇದರ ಕಹಿಯನ್ನ ವಿಜ್ಞಾನಿಗಳು ಬಿಳಿ ಹರಳು ಮಾಡಿ ಬೇರೆ ತೆಗೆದಿದ್ದಾರೆ," ಎಂದರು.

ಅಕ್ಕ ಎರಡೂ ಶೀಷೆ ಹಿಡಿದು ಸೀದಾ ಅಂಗಡಿಗೆ ನಡೆದಳು. ನಾನೂ ಹಿಂದೆ ಹೋದೆ.

"ಮೂಸಪ್ಪ. ಯಾವುದು ಕೊಳ್ತು ನಾರ್ತದೆ ಯೋಳು."

ಕಾಂಪೌಂಡರ್ ಎರಡನ್ನೂ ಮೂಸಿದ. "ಎಲೆ ಒಳ್ಳೇದೇ ಇರಬೌದು ಕಣಮ್ಮ. ಆ ಮಗೀನ ವಾಂತಿ ಅಸಿರಾಗಿತ್ತಲ್ಲ, ಕಿಲುಬಿನಂಗೆ. ಅದೆಲ್ಲಿಂದ ಬಂತು?"

"ನಿನ್ ಬಾಯಿಂದ," ಎಂದಳು ಅಕ್ಕ. ಜನ ನಕ್ಕರು. ನಾನೂ ನಕ್ಕೆ.

ಸ್ವಾತಂತ್ರ್ಯ ಬಂದ ವರ್ಷ ಅಕ್ಕನ ಅಂಗಾಲಿಗೆ ಕುಯ್ದ ಕಬ್ಬಿನ ಕೂಳೆ ಚುಚ್ಚಿತು. ಕೀವು ಒಳಗೊಳಗೇ ಮೇಲೇರಿತು, ಎಲೆಗೆ ಬಗ್ಗಲಿಲ್ಲ. ಸುದ್ದಿ ಕೇಳಿ ಕಾಂಪೌಂಡರ್ ತಾನೇ ಸೈಕಲ್ಲಿನಲ್ಲಿ ಕೀವಿಗೆಂದು ಬಂದಿದ್ದ ಹೊಸ ಗುಳಿಗೆ ತಂದ.

"ಇಸ ಕೊಡೋಳ ಮನೆಗೆ ಯಾಕ್ ಬಂದೆ? ಸತ್ರೂ ನಿನ್ ಗುಳಿಗೆ ನುಂಗಕ್ಕಿಲ್ಲ," ಎಂದು ಅಕ್ಕ ಗೋಡೆಗೆ ತಿರುಗಿದಳು. ಅವನು ಹೊರಟುಹೋದ. ನಾನು ಅವಳ ಕಾಲಿಗೆ ಮತ್ತೆ ಎಲೆ ಅರೆಯಲು ಕೂತೆ.

ಮೂರನೆಯ ದಿನ ಅವನು ಮತ್ತೆ ಬಂದ. ಅಂದು ಅಕ್ಕ ಗುಳಿಗೆ ನುಂಗಿದಳು, ನೀರು ಕುಡಿಸಿದ್ದು ಅವನೇ. ಹೊತ್ತು ಮೀರಿತ್ತು. ಮಾರನೆಯ ಮಧ್ಯಾಹ್ನ ಹೋದಳು. ಅವಳನ್ನು ಕೊಂದಿದ್ದು ಕೂಳೆಯಲ್ಲ, ಎಂಟು ವರ್ಷದ ಆ ಸೇಡು. ಅದನ್ನು ಕೊಟ್ಟವಳು ನಾನು.

ಗುಳಿಗೆ ನುಂಗುವ ಮುಂಚೆ, ಅವಳ ಹಸಿರು ಉಗುರಿನ ಕೈ ಹಿಡಿದು, ಕಾಂಪೌಂಡರ್ ಎದುರಿಗೇ ನಾನು ಹೇಳಿದ್ದು ಇಷ್ಟು:

"ಅಕ್ಕಯ್ಯ, ಮಡಕೆ ಮೊದ್ಲೇ ಒಡ್ದೋಗಿತ್ತು. ನಾನು ಇತ್ತಾಳೆ ತಪ್ಪಲೇಲಿ ಕಾಯಿಸಿ ಉಣಸೆಉಳಿ ಕಿವುಚ್ದೆ, ಕಿಲುಬು ಇಳೀತು. ಇಸ ನಿನ್ ಎಲೇದೂ ಅಲ್ಲ, ಇವರ ಮಾತಿಂದೂ ಅಲ್ಲ. ನಂದು. ತೆಪ್ಪಾಯ್ತು ಕಣಕ್ಕಯ್ಯ."