ಸಾವ ಆಗದ ಮನಿ

ಬೆಟಗೇರಿಯ ಮನಿ ದಲಾಲ ಗೌಸಸಾಬ ಮಾರಾಕ ಬಂದ ಮನಿಯ ಗ್ವಾಡಿಯನ್ನ ಎಮ್ಮಿ ಬೆನ್ನು ತಟ್ಟಿದಂಗ ತಟ್ಟತಿದ್ದ, ಕತ್ತಲ ಖೋಲಿ ತೋರಿಸಿ "ಇಲ್ಲಿ ನಿದ್ದಿ ಚಲೋ ಬರತೈತ್ರಿ" ಅಂತಿದ್ದ, ಮುತ್ತಜ್ಜನ ಕಾಲದ ಮನಿಗೂ "ಇಲ್ಲಿ ಒಂದೂ ಸಾವ ಆಗಿಲ್ರಿ" ಅಂತ ಆಣಿ ಮಾಡತಿದ್ದ. ಸಾವಾದ ಮನಿ ಅಂದ್ರ ಗಿರಾಕಿ ಹೆದರತಾರ. ಮನಿ ಮಾರಾಕ ನಿಂತ ನೀಲಗಂಗವ್ವನ ಪಡಸಾಲ್ಯಾಗೂ ಅದನ್ನ ಅಂದ. ಶಿಗ್ಲಿಯಿಂದ ಬಂದ ಗಿರಾಕಿ ಅಕಿಯ ಬಳಿಯಿಲ್ಲದ ಕೈ ನೋಡಿದ. "ಯಜಮಾನರು ತೀರಿಕೊಂಡಿದ್ದು ಹುಬ್ಬಳ್ಳಿ ದವಾಖಾನ್ಯಾಗ್ರಿ" ಅಂದ ಗೌಸಸಾಬ. "ಹೌದೇನಬೇ?" ಅಂತ ಗಿರಾಕಿ ಅಕಿನ್ನ ಕೇಳಿದ. ಮನಿ ಮಾರದಿದ್ರ ಅಕಿಗೆ ಉಪವಾಸನ ಗತಿ. "ಹೌದರಿ" ಅಂದಳು. ಗಂಡ ಸತ್ತದ್ದು ಅದ ಪಡಸಾಲ್ಯಾಗ. ನಡುಗಂಬಕ್ಕ ಆನಿಸಿ ಹೆಣಾ ಕುಂಡ್ರಸಾಕ ಕೈ ಹಚ್ಚಿದಾಂವ ಗೌಸಸಾಬನ. ಹೊರಗ ಹೋಗುವಾಗ ಅಂವ ಆ ಕಂಬದ ಬುಡ ತುಳಿಯದಂಗ ಸುತ್ತು ಹಾಕಿ ನಡೆದ. ಗಿರಾಕಿ ತುಳಕೊಂಡ ಹೋದ.